ಮುಳಬಾಗಿಲಿನ ರೇಡಿಯೋ ಆಪಾ

ಅವರ ಎಡಗಿವಿ ಯಾವಾಗಲೂ ಸೆರಗಿನಿಂದ ಹೊರಗಿರುತ್ತಿತ್ತು. ತಲೆ, ಕತ್ತು, ಬಲಗಿವಿ ಎಲ್ಲ ಮುಚ್ಚಿಕೊಂಡು ಆ ಒಂದು ಕಿವಿಯನ್ನು ಮಾತ್ರ ಹೊರಗೆ ಬಿಟ್ಟಿರುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಾಗ ಹೆಡ್‌ಫೋನು ಕೂರುತ್ತಿದ್ದ ಜಾಗ ಅದು. ಒತ್ತಿ ಒತ್ತಿ ಅದರ ಮೇಲಿನ ಕೂದಲು ತೆಳ್ಳಗಾಗಿತ್ತು. ಎದುರಿಗಿದ್ದವರು ಮಾತು ಶುರುಮಾಡಿದರೆ ಮುಖವನ್ನು ಸ್ವಲ್ಪ ಬಲಕ್ಕೆ ತಿರುಗಿಸಿ ಆ ಕಿವಿಯನ್ನು ಮುಂದೆ ಮಾಡುತ್ತಿದ್ದರು. ಅಷ್ಟು ಮಾಡಿದರೆ ಸಾಕು, ಮನೆಯಲ್ಲಿ ತುಟಿ ಪಿಟ್ಟೆನ್ನದ ಮಕ್ಕಳೂ ಬಾಯಿಬಿಡುತ್ತಿದ್ದವು. ನನಗೆ ಆ ಕಿವಿ ಕಂಡರೆ ಹೊಟ್ಟೆ ಉರಿಯುತ್ತಿತ್ತು. ಈಗ ಅವರಿಲ್ಲ. ನೆನೆಸಿಕೊಂಡರೆ ಈಗಲೂ ಉರಿಯುತ್ತದೆ.

ಊರಿನವರೆಲ್ಲ ಅವರನ್ನು ಆಪಾ ಎನ್ನುತ್ತಿದ್ದರು. ಆಪಾ ಅಂದರೆ ಅಕ್ಕ. ನಮ್ಮ ಬೀದಿಯ ಕೊನೆಯಲ್ಲಿ, ಕಬ್ಬಿಣದ ಟ್ರಂಕು ಮಾಡುವ ತಮ್ಮನ ಮನೆಯ ಮಹಡಿಯಲ್ಲಿ ಇದ್ದರು. ಅವರಿಗೆ ರೇಡಿಯೋ ಹುಚ್ಚು ಹಿಡಿಸಿದವನು ನಾನೇ. ನಾನು ಬಹಳ ವರ್ಷಗಳಿಂದ ಹ್ಯಾಮ್. ಸರ್ಕಾರದ ಪರೀಕ್ಷೆ ಬರೆದು, ಲೈಸೆನ್ಸ್ ತೆಗೆದುಕೊಂಡು, ಮನೆಯಲ್ಲೇ ರೇಡಿಯೋ ಇಟ್ಟುಕೊಂಡು ಗುರುತು ಪರಿಚಯ ಇಲ್ಲದವರ ಜೊತೆ ಗಾಳಿಯಲ್ಲಿ ಮಾತಾಡುವವರಿಗೆ ಹಾಗೆನ್ನುತ್ತಾರೆ. ನಮ್ಮ ಮನೆಯ ಮೇಲೆ ಎತ್ತರದ ಟವರ್ ಇದೆ. ಆಪಾ ನಿವೃತ್ತರಾದ ಮೇಲೆ ಒಂದು ದಿನ ಆ ಟವರ್ ನೋಡಿಕೊಂಡು ಒಳಗೆ ಬಂದರು. ನಾನು ಶ್ರೀಲಂಕಾದವನೊಬ್ಬನ ಜೊತೆ ಮಾತಾಡುತ್ತಿದ್ದೆ. ಪಕ್ಕದಲ್ಲಿ ನಿಂತು ಕೇಳಿ, "ಅರೆ, ಇದು ನಮ್ಮ ಎಕ್ಸ್‌ಚೇಂಜ್ ಬೋರ್ಡ್ ಥರಾನೇ ಅಲ್ವೇನ್ರೀ, ವೈರ್ ಒಂದಿಲ್ಲ ಅಷ್ಟೇ" ಅಂದರು. ಪುಸ್ತಕ ಕೊಟ್ಟೆ. ಪರೀಕ್ಷೆಗೂ ನಾನೇ ಓದಿಸಿದೆ. ಸರ್ಕ್ಯೂಟ್ ಅವರಿಗೆ ತಲೆಗೆ ಹತ್ತುತ್ತಿರಲಿಲ್ಲ. ಕೊನೆಯವರೆಗೂ ಹತ್ತಲಿಲ್ಲ. ಆಂಟೆನಾ ಯಾಕೆ ಅಷ್ಟೇ ಉದ್ದ ಇರಬೇಕು ಎಂದು ಮಕ್ಕಳು ಕೇಳಿದರೆ, "ಅದನ್ನ ಮೇಷ್ಟ್ರಿಗೆ ಕೇಳಿ, ಅವ್ರಿಗೆ ಗೊತ್ತು" ಎಂದು ನನ್ನ ಮನೆ ಕಡೆ ಬೆರಳು ತೋರಿಸುತ್ತಿದ್ದರು. ಮಕ್ಕಳು ಬರುತ್ತಿದ್ದವು, ಉತ್ತರ ತೆಗೆದುಕೊಂಡು ವಾಪಸು ಅವರ ಮಹಡಿಗೇ ಓಡುತ್ತಿದ್ದವು.

ನಾನು ಕೋಲಾರದ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವವನು. ಹುಡುಗರನ್ನು ಹ್ಯಾಮ್ ರೇಡಿಯೋಗೆ ಎಳೆಯಬೇಕೆಂದು ನಾನೂ ಶಾಲೆ ಶಾಲೆ ತಿರುಗಿದ್ದೇನೆ. ಮಾಲೂರಿನ ಒಂದು ಹೈಸ್ಕೂಲಿಗೆ ನಾವಿಬ್ಬರೂ ಒಟ್ಟಿಗೆ ಹೋಗಿದ್ದೆವು. ಮೊದಲು ನಾನು ಮಾತಾಡಿದೆ. ರೇಡಿಯೋ ಅಲೆಗಳನ್ನು ಭೂಮಿಗೆ ವಾಪಸು ಕಳಿಸುವ ಅಯಾನುಮಂಡಲದ ಚಿತ್ರ ಗೋಡೆಯ ಮೇಲೆ ಬಿಟ್ಟೆ. ಚಂಡಮಾರುತದಲ್ಲಿ ಮೊಬೈಲ್ ಟವರುಗಳು ಬಿದ್ದಾಗ ಹ್ಯಾಮ್‌ಗಳು ಹೇಗೆ ಜೀವ ಉಳಿಸುತ್ತಾರೆ ಎಂದು ವಿವರಿಸಿದೆ. ಹಿಂದಿನ ಬೆಂಚಿನಲ್ಲಿ ಒಬ್ಬ ಆಕಳಿಸಿದ, ಅದು ಸಾಂಕ್ರಾಮಿಕದಂತೆ ಮುಂದಿನ ಬೆಂಚಿನವರೆಗೂ ಬಂತು.

ಆಮೇಲೆ ಆಪಾ ಎದ್ದರು. ಚೀಲದಿಂದ ಲೈಸೆನ್ಸ್ ಬೇಡದ ಎರಡು ಆಟದ ವಾಕಿಟಾಕಿ ತೆಗೆದರು. ಮೂಲೆಯಲ್ಲಿ ಮುದುರಿ ಕೂತಿದ್ದ ಒಬ್ಬ ಹುಡುಗಿಯ ಕೈಗೆ ಒಂದನ್ನು ಕೊಟ್ಟು, "ನೀರಿನ ಟ್ಯಾಂಕಿನ ಹಿಂದಕ್ಕೆ ಹೋಗು ಬೇಟಾ, ಏನ್ ಕಾಣ್ತದೆ ನಮಗೆ ಹೇಳು" ಅಂದರು. ಇನ್ನೊಂದನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕೂತರು. ಸ್ವಲ್ಪ ಹೊತ್ತು ಬರೀ ಗೊರಗೊರ. ಆಮೇಲೆ ಸಣ್ಣ ದನಿ ಬಂತು.

"ಆಪಾ... ಒಂದು ಓತಿಕ್ಯಾತ ಇದೆ. ನನ್ನೇ ನೋಡ್ತಾ ಇದೆ."

ತರಗತಿ ಒಟ್ಟಿಗೇ ನಕ್ಕಿತು. ಆಪಾ ಗುಂಡಿ ಒತ್ತಿ, "ಅದು ಏನಂತೆ ಕೇಳು" ಅಂದರು. ಆ ಹುಡುಗಿ ಅಲ್ಲಿಂದ ಹೇಳಿದ್ದೇ ಹೇಳಿದ್ದು. ವರ್ಷವಿಡೀ ಅವಳ ದನಿ ಕೇಳಿರಲಿಲ್ಲ ಎಂದು ಅವರ ಟೀಚರೇ ಬೆರಗಾದರು. ಒಬ್ಬ ಹುಡುಗ ಎದ್ದು, "ಎಲ್ಲಾರ ಹತ್ರಾನೂ ಮೊಬೈಲ್ ಐತಲ್ಲ ಆಪಾ, ಇದ್ಯಾಕೆ?" ಎಂದು ಕೇಳಿದ. ನಾನು ಆ ಪ್ರಶ್ನೆಗೆ ಹತ್ತು ನಿಮಿಷ ಉತ್ತರ ಹೇಳಿದ್ದೆ, ಅವನು ಕೇಳಿಸಿಕೊಂಡೇ ಇರಲಿಲ್ಲ.

ಆಪಾ ಹೇಳಿದರು: "ಮೊಬೈಲಲ್ಲಿ ಯಾರನ್ನ ಕರೀತೀಯೋ ಅವರೇ ಸಿಗ್ತಾರೆ ಕಣೋ. ಇದ್ರಲ್ಲಿ ಯಾರ್ ಸಿಗ್ತಾರೋ ಅಲ್ಲಾಗೇ ಗೊತ್ತು."

ವಾಪಸು ಬರುವ ಬಸ್ಸಿನಲ್ಲಿ ಅವರು ನನಗೆ ಕಡಲೆಕಾಯಿ ಕೊಡಲು ಬಂದರು. ಬೇಡ ಅಂದೆ. ಹೊಟ್ಟೆ ತುಂಬಿತ್ತು, ಯಾವುದರಿಂದ ಎಂದು ಅವರಿಗೆ ಗೊತ್ತಿತ್ತೆಂದು ಕಾಣುತ್ತದೆ. ಒತ್ತಾಯ ಮಾಡಲಿಲ್ಲ.

ಇಷ್ಟನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ನನ್ನ ಮಗಳದು. ಆಗ ಅವಳು ಎಂಟನೇ ಕ್ಲಾಸು. ಹುಟ್ಟಿದಾಗಿನಿಂದ ರೇಡಿಯೋ ಇರುವ ಮನೆಯಲ್ಲಿ ಬೆಳೆದವಳು ಒಂದು ದಿನವೂ ನನ್ನ ಪಕ್ಕ ಬಂದು ಕೂತವಳಲ್ಲ. ಒಂದು ಸಂಜೆ ಮುದ್ದೆ ಮುರಿಯುತ್ತಾ, "ಅಪ್ಪಾ, ನಾನು ಆಪಾ ಹತ್ರ ರೇಡಿಯೋ ಕಲೀತೀನಿ" ಅಂದಳು.

"ಮನೇಲೇ ಇದೆಯಲ್ಲೇ! ಅಷ್ಟು ದೊಡ್ಡ ಸೆಟ್ ಯಾರಿಗೋಸ್ಕರ ಇಟ್ಟಿದೀನಿ?"

"ಅದು ನಿಮ್ದು. ಮುಟ್ಟಿದ್ರೆ ಬೈತೀರ."

ನನ್ನ ಹೆಂಡತಿ ಸಾರಿನ ಪಾತ್ರೆ ಕಡೆ ನೋಡಿ ನಕ್ಕಳು. ಆ ವರ್ಷವೆಲ್ಲ ಸ್ಕೂಲು ಬಿಟ್ಟ ಮೇಲೆ ಮಗಳ ಚಪ್ಪಲಿ ಟ್ರಂಕಿನ ಅಂಗಡಿಯ ಮೆಟ್ಟಿಲ ಹತ್ತಿರ ಇರುತ್ತಿತ್ತು. ಕಾಲೇಜಿನಿಂದ ಬರುವಾಗ ನೋಡಬಾರದೆಂದುಕೊಂಡರೂ ನೋಡುತ್ತಿದ್ದೆ. ಮೇಲಿನಿಂದ ನಗು ಕೇಳಿಸುತ್ತಿತ್ತು. ನಮ್ಮ ಮನೆಯಲ್ಲಿ ಅವಳು ಹಾಗೆ ನಗುತ್ತಿದ್ದಳೇ ಎಂದು ಯೋಚಿಸಿಕೊಂಡು ನಡೆಯುತ್ತಿದ್ದೆ.

ಅವಳಿಗೆ ಲೈಸೆನ್ಸ್ ಬಂತು. ಹ್ಯಾಮ್‌ಗಳಿಗೆ ಮೊದಲ ಸಂಪರ್ಕ ಅಂದರೆ ದೊಡ್ಡ ವಿಷಯ. ಯಾರ ಜೊತೆ ಮೊದಲು ಮಾತಾಡಿದೆ ಎನ್ನುವುದನ್ನು ಸಾಯುವವರೆಗೂ ಹೇಳಿಕೊಳ್ಳುತ್ತೇವೆ. ಭಾನುವಾರ ಬೆಳಿಗ್ಗೆ ಮಗಳು ಕೈರೇಡಿಯೋ ಹಿಡಿದು ತಾರಸಿ ಹತ್ತಿದಳು. ನಾನು ಕೆಳಗೆ ನನ್ನ ಸೆಟ್ಟಿನ ಮುಂದೆ, ಮೈಕು ಕೈಯಲ್ಲಿ ಹಿಡಿದು, ಇಡೀ ಜನ್ಮದಲ್ಲಿ ಮಾತೇ ಆಡದವನ ಹಾಗೆ ಗಂಟಲು ಸರಿಮಾಡಿಕೊಂಡು ಕೂತೆ. ಅವಳು ಕರೆದಳು. ಕರೆದದ್ದು ಆಪಾರ ಕರೆಸಂಕೇತವನ್ನು, ಅಂದರೆ ಲೈಸೆನ್ಸಿನಲ್ಲಿ ಸಿಕ್ಕ ಅವರ ಗಾಳಿಯ ಹೆಸರನ್ನು. ಆಪಾ ಗಾಳಿಯಲ್ಲಿ ಬಂದರು. ಇಬ್ಬರೂ ನಾಲ್ಕು ಮಾತಾಡಿದರು. ಆಮೇಲೆ ಆಪಾ ಅಂದರು: "ಈಗ ಕೆಳಗಡೆ ಒಬ್ರು ಕಾಯ್ತಾ ಇದಾರೆ. ಅವರನ್ನ ಕರಿ ಬೇಟಾ."

ನಾನು ಕಾಯುತ್ತಿರುವುದು ಆಕೆಗೆ ಗೊತ್ತಾಯಿತಲ್ಲ ಎನ್ನುವುದೇ ನನಗೆ ಹೆಚ್ಚು ಉರಿಸಿತು. ಮಗಳು ಕರೆದಾಗ ಸಿಗ್ನಲ್ ಎಷ್ಟು, ದನಿ ಎಷ್ಟು ಸ್ಪಷ್ಟ ಎಂದು ಅಪರಿಚಿತನಿಗೆ ಕೊಡುವ ಹಾಗೆ ವರದಿ ಕೊಟ್ಟೆ. ಚೆನ್ನಾಗಿ ಮಾತಾಡಿದೆ ಕಣೇ ಎಂದು ಹೇಳುವುದು ಬಾಯಿಗೆ ಬರಲಿಲ್ಲ.

ಟೇಕಲ್ ಬೆಟ್ಟದಲ್ಲಿ ಆಪಾ 'ನರಿ ಬೇಟೆ' ಇಡಿಸಿದರು. ಬಂಡೆಗಳ ನಡುವೆ ಎಲ್ಲೋ ಒಂದು ಸಣ್ಣ ಟ್ರಾನ್ಸ್‌ಮಿಟರ್ ಬಚ್ಚಿಟ್ಟಿರುತ್ತಾರೆ. ಅದರ ಕೂಗನ್ನು ಆಂಟೆನಾದಲ್ಲಿ ಹಿಡಿದು ದಿಕ್ಕು ನೋಡಿಕೊಂಡು ಹುಡುಕಬೇಕು. ಮಕ್ಕಳ ಆಂಟೆನಾಗಳೆಲ್ಲ ಪೈಪಿಗೆ ಬಡಗಿಯ ಅಳತೆಪಟ್ಟಿ ಕತ್ತರಿಸಿ ಕಟ್ಟಿದವು. ನನ್ನದು ತರಿಸಿದ್ದು, ಅಚ್ಚುಕಟ್ಟಾದದ್ದು. ಮಕ್ಕಳ ಜೊತೆ ನಾನೂ ಇಳಿದೆ. ಟೇಕಲ್ ಬಂಡೆಗಳು ಕೂಗನ್ನು ಅತ್ತಿತ್ತ ಎಸೆಯುತ್ತವೆ, ಮಕ್ಕಳು ಸುಳ್ಳು ದಿಕ್ಕಿಗೆ ಓಡಿ ಓಡಿ ಸುಸ್ತಾದರು. ನನಗೆ ಆ ಮೋಸ ಗೊತ್ತು. ಎಲ್ಲರಿಗಿಂತ ಮುಂಚೆ ನಾನೇ ಹಿಡಿದೆ. ಅದನ್ನು ಎತ್ತಿಕೊಂಡು ಕೆಳಗೆ ಬಂದಾಗ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು, ಅದು ಆಪಾ. ಮಕ್ಕಳೆಲ್ಲ ಸೋತವರು, ಮೊಣಕಾಲು ತರಚಿಕೊಂಡವರು, ಅವರ ಸುತ್ತ ಕೂತು ಚಿತ್ರಾನ್ನ ತಿನ್ನುತ್ತಾ ತಾವು ಹೇಗೆ ದಾರಿ ತಪ್ಪಿದೆವು ಎಂದು ಒಬ್ಬರ ಮೇಲೊಬ್ಬರು ಬಿದ್ದು ಹೇಳುತ್ತಿದ್ದರು. ಆ ಕಿವಿ ಒಬ್ಬೊಬ್ಬರ ಕಡೆಗೂ ತಿರುಗುತ್ತಿತ್ತು. ನನ್ನ ಮಗಳ ಕಥೆಯೇ ಎಲ್ಲಕ್ಕಿಂತ ಉದ್ದ. ಗೆದ್ದವನಿಗೆ ಹೇಳುವುದಕ್ಕೆ ಕಥೆಯೇ ಇರಲಿಲ್ಲ.

ಆಮೇಲೆ ಆಪಾರ ದನಿ ಒಡೆಯತೊಡಗಿತು. ಶೀತ ಅಂದುಕೊಂಡರು. ಶೀತವಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ಗಂಟಲಿನ ಧ್ವನಿಪೆಟ್ಟಿಗೆ ತೆಗೆದುಹಾಕಿದರು. ಜೀವ ಉಳಿಯಿತು, ಮಾತು ಹೋಯಿತು. ಮೂರು ಭಾಷೆಯಲ್ಲಿ ಊರಿಗೆಲ್ಲ "ನಂಬರ್ ಪ್ಲೀಸ್" ಎಂದಿದ್ದ ಬಾಯಿ.

ನೋಡಲು ಹೋಗಬೇಕೆಂದು ಚಡಪಡಿಸುತ್ತಿದ್ದೆ, ಅಷ್ಟರಲ್ಲಿ ಅವರೇ ಬಂದರು. ಕುತ್ತಿಗೆಗೆ ಬಿಳಿ ಬಟ್ಟೆ. ನನ್ನ ಮಗಳು ಕೈ ಹಿಡಿದುಕೊಂಡಿದ್ದಳು. ಆಪಾ ನೇರವಾಗಿ ನನ್ನ ಮೇಜಿನ ಹತ್ತಿರ ಹೋಗಿ ಮೋರ್ಸ್ ಕೀ ಮೇಲೆ ಬೆರಳಿಟ್ಟರು. ಕಟ್ಟ ಕಡ ಎಂದು ಚುಕ್ಕಿ ಗೆರೆಗಳಲ್ಲಿ ಅಕ್ಷರ ಕಳಿಸುವ ಆ ವಿದ್ಯೆ ನನ್ನ ಹೆಮ್ಮೆ. ಅವರು ಯಾವಾಗಲೂ ಅದನ್ನು ಗೇಲಿ ಮಾಡುತ್ತಿದ್ದರು: "ಬಾಯಿ ಕೊಟ್ಟಿರೋವಾಗ ಬೆರಳಲ್ಲಿ ಯಾಕ್ರೀ ಮಾತು?" ಈಗ ಕೀ ಮೇಲೆ ಬೆರಳಿಟ್ಟುಕೊಂಡು ನನ್ನನ್ನೇ ನೋಡಿದರು.

"ಕಲಿಸ್ತೀನಿ ಆಪಾ" ಅಂದೆ.

ದಿನಾ ಸಂಜೆ ಬಂದರು. ಒಳ್ಳೆಯ ಶಿಷ್ಯೆ ಎನ್ನಲಾರೆ. ಗೆರೆಗಳನ್ನು ಎಳೆದೆಳೆದು ಬಿಡುತ್ತಿದ್ದರು, ಗಡಿ ಕಡೆಯ ತೆಲುಗಿನವರು ಕನ್ನಡ ಮಾತಾಡಿದಂತೆ. ತಿದ್ದಿದರೆ ತಲೆಯಾಡಿಸಿ ಮತ್ತೆ ಹಾಗೇ ಎಳೆಯುತ್ತಿದ್ದರು. ಆದರೆ ಗಾಳಿಯಲ್ಲಿ ಮೊದಲ ಅಕ್ಷರ ಬಿದ್ದ ಕೂಡಲೇ ಇಡೀ ಜಿಲ್ಲೆಗೆ ತಿಳಿಯುತ್ತಿತ್ತು, ಇದು ಆಪಾ. ನನ್ನದು ಯಂತ್ರದ ಹಾಗೆ ತಪ್ಪಿಲ್ಲದ ಮೋರ್ಸ್. ಅದು ನನ್ನದೆಂದು ಯಾರಿಗೂ ಗುರುತು ಸಿಗುವುದಿಲ್ಲ. ಅವರ ತಪ್ಪಿನ ಮೇಲೂ ನನಗೆ ಅಸೂಯೆಯಾಯಿತು.

ವರ್ಷಾನುಗಟ್ಟಲೆ ಮೋರ್ಸ್ ಕಲಿಯಿರೋ ಎಂದು ನಾನು ಮಕ್ಕಳ ಹಿಂದೆ ಬಿದ್ದಿದ್ದೆ. ಒಬ್ಬರೂ ಕಲಿತಿರಲಿಲ್ಲ. ಈಗ ಆಪಾ ಜೊತೆ ಮಾತಾಡಬೇಕಲ್ಲ ಎಂದು ಎಲ್ಲರೂ ಕಲಿತರು. ಸ್ಕೂಲಿನ ಬೆಂಚು, ಸ್ಟೀಲ್ ಲೋಟ, ಬಸ್ಸಿನ ಕಂಬಿ, ಎಲ್ಲದರ ಮೇಲೂ ಕಟ್ಟ ಕಡ. ನನ್ನ ಮಗಳೂ ಬಂದಳು. ಕುರ್ಚಿ ಎಳೆದುಕೊಂಡು, ಭುಜಕ್ಕೆ ಭುಜ ತಗಲುವ ಹಾಗೆ ನನ್ನ ಪಕ್ಕ ಕೂತು, "ಅಪ್ಪಾ, ಬೇಗ ಹೇಳಿಕೊಡಿ" ಅಂದಳು. ಅವಳು ಬಂದದ್ದು ನನಗಾಗಿ ಅಲ್ಲ ಎಂದು ಗೊತ್ತಿತ್ತು. ಆದರೂ ಸಾಧ್ಯವಾದಷ್ಟು ನಿಧಾನವಾಗಿ ಹೇಳಿಕೊಟ್ಟೆ.

ಎರಡು ವರ್ಷ ಆಪಾ ಬೆರಳಲ್ಲಿ ಮಾತಾಡಿದರು. ಆಮೇಲೆ ರೋಗ ತಿರುಗಿ ಬಂತು. ಮಾವಿನ ಹೂ ಬಿಡುವ ಕಾಲದಲ್ಲಿ, ಒಂದು ಬೆಳಿಗ್ಗೆ, ಮಹಡಿಯಲ್ಲೇ ಹೋದರು. ಮಾಲೂರು, ಶ್ರೀನಿವಾಸಪುರ, ಕೋಲಾರ, ಎಲ್ಲಿಂದಲೋ ಹುಡುಗರು ಹುಡುಗಿಯರು ಬಂದರು. ಹುಡುಗಿಯರು ಮನೆಯ ಹೆಂಗಸರ ಜೊತೆ ಉಳಿದರು, ಹುಡುಗರು ಖಬರಸ್ತಾನದವರೆಗೆ ನಡೆದರು. ನಾನೂ ಹೆಗಲು ಕೊಟ್ಟೆ. ಕಾಲೇಜಿನಲ್ಲಿ ನನ್ನ ಕೈಕೆಳಗೆ ಓದಿದ ಹುಡುಗರೂ ಅಲ್ಲಿದ್ದರು. ಅಳುತ್ತಿದ್ದರು. ನಾನು ಸತ್ತರೆ ಇವರಲ್ಲಿ ಎಷ್ಟು ಜನ ಬಸ್ಸು ಹತ್ತಿ ಬರುತ್ತಾರೆ ಎನ್ನುವ ಯೋಚನೆ ಆ ಹೊತ್ತಿನಲ್ಲೂ ಬಂತು.

ಮಳೆಗಾಲ ಶುರುವಾದ ಮೇಲೆ ಒಂದು ಸಂಜೆ ಸೆಟ್ ಹಾಕಿಕೊಂಡು ಸುಮ್ಮನೆ ಕೂತಿದ್ದೆ. ಗೌನಿಪಲ್ಲಿ ಕಡೆಯಿಂದ ಹೊಸ ದನಿಯೊಂದು ಕರೆಯಿತು. ಹುಡುಗಿ. ಸಿಗ್ನಲ್ ಬಡಕಲು. ಯಾರೂ ಉತ್ತರ ಕೊಡಲಿಲ್ಲ. ನಾನು ಕೊಟ್ಟೆ.

"ಸಾರ್, ಇದೇ ನನ್ನ ಫಸ್ಟ್ ಕಾಂಟ್ಯಾಕ್ಟು" ಅಂದಳು. ಹಿಪ್ಪುನೇರಳೆ ತೋಟದ ಹಿಂದಿನ ಬಂಡೆಯ ಮೇಲೆ ನಿಂತಿದ್ದಳಂತೆ. "ಆಪಾನೇ ನನ್ನ ಪರೀಕ್ಷೆಗೆ ಕಟ್ಟಿಸಿದ್ದು. ಫಸ್ಟು ಅವರ ಜೊತೇನೇ ಮಾತಾಡ್ಬೇಕು ಅಂತಿದ್ದೆ ಸಾರ್. ಲೈಸೆನ್ಸ್ ಬರೋ ಹೊತ್ಗೆ..."

ಬದುಕಿನಲ್ಲಿ ಮೊದಲ ಸಲ ಒಂದು ಮಗುವಿನ ಮೊದಲ ಸಂಪರ್ಕ ನಾನಾಗಿದ್ದೆ. ಅದೂ ಬದಲಿಯಾಗಿ.

"ನಿಮಗೆ ಆಪಾ ಗೊತ್ತಾ ಸಾರ್?"

"ಗೊತ್ತಮ್ಮ."

"ನಾನು ಎರಡೇ ಸಲ ನೋಡಿದ್ದು. ಹೇಗಿದ್ರು ಹೇಳಿ ಸಾರ್."

ಗುಂಡಿ ಒತ್ತಿ ಹಿಡಿದೆ. ಶುರುಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ. ಮಾಲೂರಿನ ಓತಿಕ್ಯಾತ, ಟೇಕಲ್ಲಿನ ಚಪ್ಪಾಳೆ, ಬಸ್ಸಿನಲ್ಲಿ ನಾನು ಬೇಡವೆಂದ ಕಡಲೆಕಾಯಿ. ನಡುನಡುವೆ ಗುಂಡಿ ಬಿಟ್ಟಾಗ ಅವಳು ನಗುತ್ತಿದ್ದಳು, ಮತ್ತೆ ಕೇಳುತ್ತಿದ್ದಳು. ಹಿಂದಿನಿಂದ ಅವಳ ತಾಯಿ ತೆಲುಗಿನಲ್ಲಿ ಕೂಗಿದ್ದು ಕೇಳಿಸಿತು, "ಏಮೇ, ಪುರುಗುಲಕಿ ಆಕು ಎಯ್ಯವಾ?" ರೇಷ್ಮೆಹುಳುವಿಗೆ ಸೊಪ್ಪು ಹಾಕುವ ಹೊತ್ತಾಗಿತ್ತು.

"ಹೋಗ್ತೀನಿ ಸಾರ್. ನಾಳೆ ಇದೇ ಹೊತ್ಗೆ ಬರ್ತೀನಿ. ಬಾಕಿದು ಹೇಳ್ಬೇಕು."

ಹೊಟ್ಟೆಕಿಚ್ಚು ಹೋಗಿಲ್ಲ, ಹೋಗುವುದೂ ಇಲ್ಲ. ನನ್ನನ್ನು ಹುಡುಕಿಕೊಂಡು ಬರುವೆನೆಂದ ಮೊದಲ ಶಿಷ್ಯೆಯನ್ನೂ ಆಪಾನೇ ಕಳಿಸಿದ್ದರು, ಅವಳು ಬರುತ್ತಿದ್ದದ್ದೂ ಅವರ ಸುದ್ದಿ ಕೇಳಲಿಕ್ಕೆ. ಮಾರನೆಯ ದಿನ ಕಾಲೇಜಿನಿಂದ ನೇರ ಮನೆಗೆ ಬಂದು, ಕಾಫಿಯನ್ನೂ ಕುಡಿಯದೆ, ಅವಳು ಹೇಳಿದ ಹೊತ್ತಿಗಿಂತ ಎಷ್ಟೋ ಮೊದಲೇ ಸೆಟ್ಟಿನ ಮುಂದೆ ಕೂತೆ.