ನರಸೀಪುರದವರೆಗೆ ಬಂದ ಅಕ್ಕ

ಎದುರುಮನೆ ಅಕ್ಕನ ಬಲಗಾಲಿನ ಮೀನಖಂಡದ ಮೇಲೆ ಸೈಕಲ್ಲಿನ ಹಲ್ಲುಚಕ್ರ ಕಚ್ಚಿದ ಗುರುತಿತ್ತು. ಸಾಲಾಗಿ ನಾಲ್ಕು ಕಪ್ಪು ಚುಕ್ಕೆ. ಲಂಗವನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಅವಳು ಅಪ್ಪನ ಗಂಡಸರ ಸೈಕಲ್ಲನ್ನೇ ನಮ್ಮೂರು ಹೆಡತಲೆಯಿಂದ ಬದನವಾಳಿನವರೆಗೆ ತುಳಿಯುತ್ತಿದ್ದಳು. ಅಲ್ಲಿನ ಖಾದಿ ಕೇಂದ್ರದಲ್ಲಿ ನೂಲು ತೆಗೆಯುವ ಕೆಲಸ. ದಾರಿಯಲ್ಲಿ ಯಾರಾದರೂ ಹಂಗಿಸಿದರೆ ಬೆಲ್ಲು ಬಾರಿಸಿ ಮುಂದೆ ಹೋಗುತ್ತಿದ್ದಳು.

ನಮ್ಮ ಬೀದಿಯ ಹುಡುಗರಿಗೆಲ್ಲ ಅವಳೇ ಗುರು. ಕಲಿಸುವ ಕ್ರಮ ಬಹಳ ಸರಳ: ಕೆರೆ ಏರಿಯ ಮೇಲೆ ಸೀಟಿಗೆ ಹತ್ತಿಸಿ, ದಬ್ಬಿ, ಕೈಬಿಡುವುದು. ನಾನು ಬಿದ್ದು ಅತ್ತರೆ, "ಅತ್ಕೊಂಡೇ ತುಳಿ ಕಣ್ಲಾ, ಯಾರ್ ಬ್ಯಾಡ ಅಂದೋರು" ಎನ್ನುತ್ತಿದ್ದಳು.

ನಾಗಪುರಕ್ಕೆ ಸೈಕಲ್ಲಿನಲ್ಲಿ ಹೋಗುವ ಯೋಚನೆಯೂ ಅವಳದೇ. ತೊಂಬತ್ತರ ದಶಕದಲ್ಲಿ ನಮ್ಮ ಬೀದಿಯ ಕೆಲವು ಮನೆಗಳಿಗೆ ಬುದ್ಧನ ಪಟ ಬಂದಿತ್ತು. ನಾಗಪುರದ ದೀಕ್ಷಾಭೂಮಿಗೆ ಹೋಗಿಬಂದವರೂ ಇದ್ದರು. "ರೈಲಲ್ಲಿ ನಿದ್ದೆ ಒಡ್ಕೊಂಡು ಬಂದ್ರೆ ದೇಸ ನೋಡ್ದಂಗಾ? ತುಳ್ಕೊಂಡು ಓಗವ" ಎಂದಳು ಅಕ್ಕ.

ನಾನು, ಅವಳ ತಮ್ಮ, ಇನ್ನೊಬ್ಬ ಗೆಳೆಯ ಒಪ್ಪಿದೆವು. ಮೂವರೂ ಪಿಯುಸಿ ಫೇಲಾಗಿ ತಾಂಡ್ಯದ ಫ್ಯಾಕ್ಟರಿಗಳ ಗೇಟಿನಲ್ಲಿ ಕೆಲಸಕ್ಕೆ ಕಾಯುತ್ತಿದ್ದವರು, ನಮ್ಮನ್ನು ತಡೆಯುವವರಿರಲಿಲ್ಲ. ಅವಳ ಅಪ್ಪ ಮಾತ್ರ ಮಗಳೊಂದಿಗೆ ಮಾತು ಬಿಟ್ಟ. ಕೊನೆಗೊಂದು ದಿನ, "ನರಸೀಪುರದ ನಿಮ್ಮತ್ತೆ ಮನೆ ಗಂಟ ಓಗು. ಮುಂದುಕ್ಕೆ ಅಲ್ಲೇ ಮಾತಾಡನ" ಎಂದ. ಅಕ್ಕನಿಗೆ ಅಷ್ಟೇ ಸಾಕಾಯಿತು. ಹೊರಟ ದಿನ ದಾರಿಯುದ್ದಕ್ಕೂ ಅವಳೇ ಮುಂದು, ನಾವು ಏದುಸಿರು ಬಿಡುತ್ತ ಹಿಂದೆ. ಅವಳನ್ನು ಅಷ್ಟು ಖುಷಿಯಾಗಿ ನಾನು ಮತ್ತೆ ನೋಡಲಿಲ್ಲ.

ಅತ್ತೆಯ ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ಘಮಘಮಿಸುತ್ತಿದ್ದವು. ಜಗುಲಿಯ ಮೇಲೆ ಗರಿಗರಿ ಪಂಚೆಯವರು ಕುಳಿತಿದ್ದರು. ನಮ್ಮನ್ನು ಬೀಳ್ಕೊಡಲು ಊರ ಹಿರಿಯರೇ ಬಂದಿದ್ದಾರೆಂದು ಉಬ್ಬಿಹೋದ ನಾವು ದಡ್ಡರು ಕೈಮುಗಿದು, ಎರಡೆರಡು ಸಲ ಹಾಕಿಸಿಕೊಂಡು ತಿಂದೆವು. ಅತ್ತೆ ರೇಷ್ಮೆ ಸೀರೆ, ಮಲ್ಲಿಗೆ ಹಿಡಿದು ಅಕ್ಕನನ್ನು ಒಳಗೆ ಕರೆದಾಗಲೇ ತಿಳಿದದ್ದು, ಅವರು ಹೆಣ್ಣು ನೋಡಲು ಬಂದವರೆಂದು. ಅವಳ ಅಪ್ಪ ಬೆಳಗಿನ ಬಸ್ಸಿಗೇ ಬಂದು ಹಿತ್ತಿಲಲ್ಲಿ ಕೂತಿದ್ದ.

ಸ್ವಲ್ಪ ಹೊತ್ತಿಗೆ ಅಕ್ಕ ಆ ಸೀರೆಯಲ್ಲೇ ಬಾಗಿಲಿಗೆ ಬಂದು, "ನೀವ್ ನಡೀರ್ಲಾ. ಮಳವಳ್ಳೀಲಿ ಕಾಯ್ತಿರಿ, ಎಂಗಾರ ಮಾಡಿ ಬತ್ತೀನಿ" ಎಂದು ಪಿಸುಗುಟ್ಟಿದಳು.

ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕಾದೆವು. ಮಾರನೆಯ ದಿನವೂ ಕಾದೆವು. ಬರಲಿಲ್ಲ. ಮೂವರೇ ನಾಗಪುರ ಮುಟ್ಟಿ ಹಾರ ಹಾಕಿಸಿಕೊಂಡೆವು. ಅಲ್ಲಿ ನಿಂತಾಗ ನನಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು. ತಿರುಗಿ ಬರುವಷ್ಟರಲ್ಲಿ ಅವಳ ಮದುವೆ ಮುಗಿದಿತ್ತು.

ಗಂಡ ನರಸೀಪುರದವನೇ, ಕೆಟ್ಟವನಲ್ಲ. ಹೆಂಗಸರು ಸೈಕಲ್ ಹತ್ತುವುದು ಆ ಮನೆಯಲ್ಲಿ ಇರಲಿಲ್ಲ, ಅಷ್ಟೇ. ನಾನು ನರಸೀಪುರಕ್ಕೆ ಹೋದಾಗಲೆಲ್ಲ, "ಗೋದಾವರಿ ಎಷ್ಟಗಲ ಇತ್ಲಾ? ಅಲ್ಲಿ ಜನ ಏನುಣ್ತಾರೆ?" ಎಂದು ಕೇಳುತ್ತಿದ್ದವಳು ಬರಬರುತ್ತ ಕೇಳುವುದನ್ನೂ ಬಿಟ್ಟಳು.

ಅವಳ ಮಗಳು ಎಂಟನೇ ಕ್ಲಾಸಿಗೆ ಬಂದ ವರ್ಷ ಸರ್ಕಾರದ ಸೈಕಲ್ ಸಿಕ್ಕಿತು. ಅಷ್ಟರಲ್ಲಿ ಅಕ್ಕ ಹೊಟ್ಟೆಯೊಳಗಿನ ಗೆಡ್ಡೆಯಿಂದ ಹಾಸಿಗೆ ಹಿಡಿದಿದ್ದಳು. ಅವಳಿಗೆ ಸಂತೋಷವಾಗಲೆಂದು, "ನಾನೇ ಕಲಿಸ್ತೀನಕ್ಕ" ಎಂದೆ.

"ಬ್ಯಾಡ ಕಣ್ಲಾ. ಕಲುತ್ರೆ ದೂರ ಓಗ್ಬೇಕು ಅನ್ನುಸ್ತದೆ. ಅಂಗನ್ನುಸುದ್ಮೇಲೆ ಮನೇಲಿರದು ಬಲೇ ಕಷ್ಟ."

ನನಗೆ ಸಿಟ್ಟು ಬಂತು; ಯಾರ ಮೇಲೆಂದು ಗೊತ್ತಾಗಲಿಲ್ಲ. ಗಂಡ ಆ ಸೈಕಲ್ಲನ್ನು ನೆಂಟರ ಹುಡುಗನಿಗೆ ಕೊಟ್ಟ. ಅಕ್ಕ ಮುಂದಿನ ಯುಗಾದಿ ಕಾಣಲಿಲ್ಲ.

ತಿಥಿಯ ದಿನ ಮೂಲೆಯಲ್ಲಿ ಕೂತಿದ್ದ ಮಗಳನ್ನು ನೋಡಿ ತಡೆಯಲಾಗಲಿಲ್ಲ. "ನಿಮ್ಮವ್ವನಂಗೆ ಸೈಕಲ್ ತುಳಿಯೋರು ಸುತ್ತಮುತ್ತ ಯಾರೂ ಇರ್ನಿಲ್ಲ ಕಣವ್ವ. ನಾಗಪುರಕ್ಕೆ ಓಗವ ಅಂದೋಳೂ ಅವಳೇ" ಎಂದೆ.

ಹುಡುಗಿ ಕಣ್ಣೊರೆಸಿಕೊಂಡಳು. "ಬುಡಿ ಮಾವ, ಸಮಾಧಾನಕ್ಕೆ ಅಂತ ಏನೇನೋ ಯೋಳ್ಬ್ಯಾಡಿ. ನಮ್ಮವ್ವಂಗೆ ಸೈಕಲ್ ಕಂಡ್ರೇ ಆಯ್ತಿರ್ನಿಲ್ಲ" ಎಂದಳು.