ಭಾನುವಾರದ ಕಾರು ಪಂಡಿತ
ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಪ್ರತಿ ಭಾನುವಾರ ಟಿವಿಯ ಕಾರು ಕಾರ್ಯಕ್ರಮ ನೋಡಲೇಬೇಕು, ನೋಡಿ ಬೈಯಲೇಬೇಕು. ಹಳೆಯ ನಿರೂಪಕರು ಹೋದ ಮೇಲೆ ಅದರಲ್ಲಿ ಸತ್ವವೇ ಇಲ್ಲವೆಂಬುದು ಅವನ ತೀರ್ಪು. "ಎಂಜಿನ್ ಆ ಪಾಟಿ ಬಡ್ಕೊಳ್ತಿದೆ, ಇವನಿಗೆ ಕಿವಿ ಇಲ್ವಾ?" ಎಂದು ಹೆಂಡತಿಗೆ ವರದಿ ಒಪ್ಪಿಸುತ್ತಾನೆ. ನಿರೂಪಕರಿಬ್ಬರು ಕಿತ್ತಾಡಿ ಮತ್ತೆ ಹೆಗಲ ಮೇಲೆ ಕೈ ಹಾಕಿಕೊಂಡರಂತೂ "ಬರೀ ನಾಟಕ!" ಎಂದು ಸಿಡುಕುತ್ತಾನೆ. ಒಂದು ಕ್ಲಚ್ ಪ್ಲೇಟ್ ಬದಲಿಸುವ ವಿಷಯಕ್ಕೆ ಜಗಳವಾಗಿ, ಪಕ್ಕದ ಮನೆಯಲ್ಲೇ ಇರುವ ಸ್ವಂತ ತಮ್ಮನೊಡನೆ ಅವನು ಮಾತು ಬಿಟ್ಟು ಒಂಬತ್ತು ವರ್ಷವಾಯಿತು. ತಮ್ಮ ಹೇಳಿದ್ದೇ ಸರಿಯೆಂದು ಅವನಿಗೆ ಮರುವಾರವೇ ಗೊತ್ತಾಗಿತ್ತು. ಕಾರ್ಯಕ್ರಮದಲ್ಲಿ ತಮಾಷೆ ಶುರುವಾದೊಡನೆ ಅವನು ಸದ್ದು ಪೂರಾ ತಗ್ಗಿಸುತ್ತಾನೆ. "ಯಾಕ್ರೀ?" ಎಂದು ಹೆಂಡತಿ ಕೇಳಿದರೆ ಕುರ್ಚಿಯನ್ನು ಗೋಡೆಯ ಹತ್ತಿರಕ್ಕೆ ಎಳೆದುಕೊಳ್ಳುತ್ತಾನೆ. ಗೋಡೆಯಾಚೆ ಅದೇ ಕಾರ್ಯಕ್ರಮ ನೋಡುತ್ತಾ ತಮ್ಮ ನಗುವ ಹೊತ್ತು ಅದು.