ಬ್ಯಾಂಕಿನ ಕಂಬಗಳ ಕಾವಲುಗಾರ

ಊರಿನ ಮೊದಲ ಬ್ಯಾಂಕಿಗೆ ಕಾವಲಿದ್ದ ತಾತ ನಿಜವಾಗಿ ಕಾಯುತ್ತಿದ್ದದ್ದು ಖಜಾನೆಯನ್ನಲ್ಲ, ಬಾಗಿಲ ಮುಂದಿನ ನಾಲ್ಕು ದಪ್ಪ ಕಂಬಗಳನ್ನು. ಯಾರಾದರೂ ಅವುಗಳಿಗೆ ಒರಗಿದರೆ, "ಯಾಕೆ ಸ್ವಾಮಿ, ನಿಮ್ಮನೇಲಿ ಗೋಡೆ ಇಲ್ವಾ?" ಎಂದು ಮೆಲ್ಲಗೆ ಕೇಳುತ್ತಿದ್ದ. ಹೊಸಬರು ಸಿಕ್ಕರಂತೂ, ಬಂದ ಕೆಲಸವೇ ಮರೆತುಹೋಗುವಷ್ಟು ಚರಿತ್ರೆ ಹೇಳುತ್ತಿದ್ದ. ಊರೆಲ್ಲ ಮಣ್ಣಿನ ಮನೆಗಳಿದ್ದಾಗಲೇ ಈ ಕಟ್ಟಡಕ್ಕೆ ಕಮಾನಿನ ಕಿಟಕಿಗಳಿದ್ದವಂತೆ. ಒಂದೊಂದು ಕಂಬವೂ ಒಂದೇ ಕಲ್ಲಿನದಂತೆ. ಎಳೆದು ತರಲು ಆರು ಜೋಡಿ ಎತ್ತು ಹೂಡಿದ್ದರಂತೆ. ಕೇಳುವವರು ಬಾಯಿ ಬಿಟ್ಟರೆ ಹತ್ತು ಜೋಡಿ. "ನಿನ್ನೆಗಿಂತ ಎತ್ತು ಜಾಸ್ತಿ ಆಯ್ತಲ್ಲ ತಾತ?" ಎಂದು ಕ್ಯಾಷಿಯರಮ್ಮ ಕೆಣಕಿದರೆ, "ರಾತ್ರಿ ಕರು ಹಾಕಿದ್ವಮ್ಮ" ಎನ್ನುತ್ತಿದ್ದ. ಹಳೆಯ ಗಾರೆಯನ್ನೆಲ್ಲ ಕೆತ್ತಿಸಿ ಸಿಮೆಂಟು ಬಳಿಸಲು ಇಂಜಿನಿಯರ್ ಬಂದ ದಿನ ಮಾತ್ರ ಅವನು ಎತ್ತಿನ ಮಾತು ಬಿಟ್ಟು ಕಂಬಗಳಿಗೆ ಅಡ್ಡ ನಿಂತ. "ಕಂಬಾನೂ ಗಾರೆನಾ?" ಎಂದು ಇಂಜಿನಿಯರ್ ಕೇಳಿದ. "ಕಲ್ಲು ಸಾರ್" ಎಂದಷ್ಟೇ ಹೇಳಿ ತಾತ ನೆಲ ನೋಡಿದ. ಇಂಜಿನಿಯರ್ ಅಂಗೈಯಿಂದ ಕಂಬವನ್ನು ಸವರಿದ. "ಎಷ್ಟು ನುಣ್ಣಗೆ ಮಾಡಿದಾರೆ! ಕಂಬ ಮುಟ್ಟಬೇಡ್ರಪ್ಪ, ಗೋಡೆ ಮಾತ್ರ ಕೆತ್ತಿ" ಎಂದು ಆಳುಗಳಿಗೆ ಹೇಳಿ ಒಳಗೆ ಹೋದ. ಆ ಕಂಬಗಳ ಒಳಗಿರುವುದು ಬರೀ ಇಟ್ಟಿಗೆಯೆಂದು ತಾತನಿಗೆ ಗೊತ್ತಿತ್ತು. ಕಲ್ಲು ತರಿಸಲಾಗದೆ ಗಾರೆ ಬಳಿಸಿದಾಗ, "ನೋಡಿದವರು ಕಲ್ಲು ಅನ್ನೋ ತನಕ ಉಜ್ಜಬೇಕು" ಎಂದು ಮೇಸ್ತ್ರಿ ಹೇಳಿದ್ದನಂತೆ. ಆಗ ತಾತನನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಲ್ಲಿ ಕೂಲಿಗಿದ್ದ ಅವನ ತಾಯಿ, ಹೊಳೆಯಿಂದ ಆರಿಸಿ ತಂದ ನುಣುಪುಗಲ್ಲು ಹಿಡಿದು, ಬೇಸಿಗೆಯುದ್ದಕ್ಕೂ ಆ ಕಂಬಗಳನ್ನು ಉಜ್ಜಿದ್ದಳು.